ಎಡಗಡೆಯ ಸೀಟು

ಟ್ರೇಲರು ಕುಲುಕಿದಾಗಲೆಲ್ಲ ಮಗುಚಿ ಬಿದ್ದೀತೆಂದು ಹೊಲಕ್ಕೆ ಚೆಲ್ಲಲಿರುವ ಚರಗದ ಬುಟ್ಟಿಯನ್ನು ಎರಡು ಮೊಣಕಾಲಿನ ನಡುವೆ ಅವುಚಿ ಹಿಡಿದು ಕೂತಿದ್ದ ಭಾಗ್ಯಾಳಿಗೆ ಬೆಳಗಿನಿಂದ ಹಸಿವೆಯೇ ಇರಲಿಲ್ಲ. ಬುಟ್ಟಿಯಿಂದ ಕಡುಬು, ಪುಂಡಿಪಲ್ಯ, ಎಳ್ಳ ಹೋಳಿಗೆಯ ವಾಸನೆ ಘಮ್ಮೆಂದು ಬರುತ್ತಿದ್ದರೂ ಮನಸ್ಸು ಅದರ ಕಡೆ ತಿರುಗಿಯೂ ನೋಡದೆ ತನ್ನದೇ ಗಡಿಬಿಡಿಯಲ್ಲಿತ್ತು. ಖುಷಿ. ಖುಷಿಯೇ, ಬೇರೇನಲ್ಲ, ಆದರೆ ಇಂಥ ಖುಷಿಗೆ ಕೂತಲ್ಲಿ ಕೂರಲು ಬಿಡುವ ಸ್ವಭಾವವೇ ಇಲ್ಲವಲ್ಲ! ನಿನ್ನೆ ಸಂಜೆ ಗೋಕಾಕದ ಬಸ್ಸಿನಿಂದ ಕುಲಗೋಡದಲ್ಲಿ ಇಳಿದು ಬ್ಯಾಗನ್ನು ಇನ್ನೂ ಹೆಗಲಿಗೆ ಏರಿಸಿರಲಿಲ್ಲ, ಫೋನು ಬಂದಿತ್ತು. ಅವಳು ಕೋ-ಪೈಲಟ್ ಆಗಿ ಕೆಲಸ ಮಾಡುವ ವಿಮಾನ ಕಂಪನಿಯ ಟ್ರೇನಿಂಗ್ ವಿಭಾಗದ ಮುಖ್ಯಸ್ಥರು. ಹಿಂದಿಯಲ್ಲಿ, ಅವಸರದಲ್ಲಿ ಹೇಳಿದ್ದರು: ಸೋಮವಾರದಿಂದ ಕ್ಯಾಪ್ಟನ್ ಟ್ರೇನಿಂಗು ಶುರು, ನಿನ್ನನ್ನೂ ಆರಿಸಿದ್ದೇವೆ, ಬರುತ್ತೀಯೋ ಇಲ್ಲವೋ ನಾಳೆಯೊಳಗೆ ಹೇಳು, ಇಲ್ಲವಾದರೆ ಆ ಜಾಗ ಇನ್ನೊಬ್ಬರಿಗೆ, ಮತ್ತೆ ಯಾವಾಗ ಕರೆಯುತ್ತೇವೋ ನಾನು ಮಾತು ಕೊಡಲಾರೆ. ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗಾಗಿಯೇ. ಆದರೂ ಬಾಯಿಂದ ಬಂದದ್ದೇನು? 'ನಾಳೆ ಹೇಳ್ತೀನಿ ಸರ್.' ಹೂಂ ಅನ್ನಲು ಏನು ರೋಗ ಬಂದಿತ್ತು ತನಗೆ ಎಂದು ರಾತ್ರಿಯೆಲ್ಲ ತನ್ನನ್ನು ತಾನೇ ಬೈದುಕೊಂಡಿದ್ದಳು. ಬೈಯುತ್ತ ಬೈಯುತ್ತಲೇ ಕತ್ತಲಲ್ಲಿ ಒಬ್ಬಳೇ ನಕ್ಕಿದ್ದಳು.

"ಏನವಾ ಭಾಗ್ಯಾ, ಇನ್ನೂ ಬಾಜೂಕ ಕುಂದರತೀಯೇನ?" ಎಂದು ಟ್ರ್ಯಾಕ್ಟರ್ ಓಡಿಸುತ್ತಿದ್ದ ಪರಪ್ಪ ಕಾಕಾ ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದ. ಅಪ್ಪನ ತಮ್ಮ ಅವನು. ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಬ್ಬು ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗುವವನು, ಗಾಲಿಯ ಮೇಲೆ ಉರುಳುವ ಯಾವುದರ ಬಗ್ಗೆಯಾದರೂ ಕೊನೆಯ ಮಾತು ತನ್ನದೇ ಆಗಬೇಕೆನ್ನುವವನು. ವಿಮಾನಕ್ಕೂ ಗಾಲಿ ಇದೆಯಲ್ಲ. "ನಮ್ಮ ಲಾರಿಯಾಗ ಬಾಜೂಕ ಕುಂದರಾಂವಗ ಕ್ಲೀನರ್ ಅಂತೇವಿ ನೋಡವಾ. ಸ್ಟೇರಿಂಗ ಯಾವಾಗ ಕೊಡತಾರ ನಿನಗ?"

"ಕಾಕಾ, ನಾನೂ ಹಾರಸತೇನ್ರಿ. ಒಂದ ಸಲ ಎಡಕ್ಕ ಕುಂತ ಕ್ಯಾಪ್ಟನ್, ಒಂದ ಸಲ ಬಲಕ್ಕ ಕುಂತ ನಾ. ಬರೇ ಕುಂದರೂದಿಲ್ಲ."

"ಹಾರಸತಿ ಖರೆ. ಆದ್ರ ಬೈಸ್ಕೊಳ್ಳಾವ ಯಾಂವ? ಅವನ ಮಾಲಕ."

ಅವ್ವ ಕಾಶೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಭಾಗ್ಯಾಳೂ ನಕ್ಕಳು. ನಕ್ಕರೂ ಮಾತು ಒಳಗೆ ಹೋಗಿ ಚುರುಕ್ಕೆಂದಿತು, ಏಕೆಂದರೆ ಕಾಕಾ ತಮಾಷೆಗೆ ಆಡಿದ್ದು ನಿಜವೇ ಆಗಿತ್ತು. ಇವತ್ತು ಸಂಜೆಯೊಳಗೆ ಹೂಂ ಎಂದುಬಿಟ್ಟರೆ ಬೈಸಿಕೊಳ್ಳುವವಳು ಅವಳೇ. ಎಪ್ಪತ್ತು ಜನ ಹಿಂದೆ ಕೂತಿರುವಾಗ ಇಳಿಯೋಣವೋ ಬೇಡವೋ ಎಂಬ ಮಾತನ್ನು ಕೇಳಲು ಎಡಗಡೆಯ ಸೀಟಿನಲ್ಲಿ ಬೇರೆ ಯಾರೂ ಇರುವುದಿಲ್ಲ. ಮನೆಯಲ್ಲಿ ಯಾರಿಗೂ ಅವಳು ಫೋನಿನ ವಿಷಯ ಹೇಳಿರಲಿಲ್ಲ. ಹೇಳಿದರೆ ಅಪ್ಪ ಬಸವಣ್ಣೆಪ್ಪ ಅಲ್ಲಿಯೇ ಪೇಟೆಗೆ ಹೋಗಿ ಪೇಢೆ ತರುತ್ತಿದ್ದ. ಪೇಢೆ ಹಂಚಿದ ಮೇಲೆ ಬೇಡ ಎನ್ನಲು ಬರುತ್ತದೆಯೇ?

ಖರೆ ಹೇಳಬೇಕೆಂದರೆ ಅವಳ ಖುಷಿಯೊಳಗೆ ಒಂದು ಮುಳ್ಳಿತ್ತು, ಅದನ್ನು ಚುಚ್ಚಿದವನು ಅವಳ ಜೊತೆಯ ಕೋ-ಪೈಲಟ್ ಹುಡುಗನೇ. ಈ ವರ್ಷ ಕಂಪನಿಯ ಕ್ಯಾಪ್ಟನ್‌ಗಳು ಒಬ್ಬರ ಹಿಂದೆ ಒಬ್ಬರು ದೊಡ್ಡ ಜೆಟ್ ಕಂಪನಿಗಳಿಗೆ ಹೊರಟು ನಿಂತಿದ್ದರು. ಅಲ್ಲಿ ಹೊಸ ವಿಮಾನ ಬರುತ್ತಿದ್ದವು, ಓಡಿಸುವವರು ಸಾಲದು. ಇಲ್ಲಿ ಪಂಖದ ಸಣ್ಣ ವಿಮಾನ ಸಾಲಾಗಿ ನಿಂತಿದ್ದವು, ಓಡಿಸುವವರು ಇಲ್ಲ. ಬೆಳಿಗ್ಗೆ ಪ್ರಯಾಣಿಕರು ಬಂದು ಕೂತ ಮೇಲೆ ಹಾರಾಟ ರದ್ದಾದದ್ದುಂಟು. ಯೂನಿಫಾರ್ಮ್ ಹಾಕಿಕೊಂಡ ತಪ್ಪಿಗೆ ಅವಳು ಅವರ ಬೈಗುಳ ಕೇಳಿದ್ದುಂಟು. ಹಾಗೆ ಒಂದು ದಿನ ಸಿಬ್ಬಂದಿಯ ವ್ಯಾನಿನಲ್ಲಿ ಹೋಟೆಲ್ಲಿಗೆ ಮರಳುವಾಗ ಆ ಹುಡುಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ, ಈಗ ಕ್ಯಾಪ್ಟನ್ ಆಗುವುದೆಂದರೆ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ ಹಾಗೆ, ಯೋಗ್ಯತೆ ಯಾರು ಕೇಳುತ್ತಾರೆ, ಖಾಲಿ ಇದ್ದರೆ ಸಾಕು. ಎಲ್ಲರೂ ನಕ್ಕರು. ಮೂಡಲಗಿಯ ಕಾಲೇಜಿಗೆ ಹೋಗುವಾಗ ಅವಳು ನಿಜವಾಗಿಯೂ ಹಾಗೇ ಸೀಟು ಹಿಡಿಯುತ್ತಿದ್ದಳು, ಟವೆಲ್ ಅಲ್ಲ, ಓಢಣಿ. ಆಗ ಏನೂ ಅನ್ನಿಸುತ್ತಿರಲಿಲ್ಲ, ಹಿಡಿದ ಸೀಟಿನಲ್ಲಿ ರಾಣಿಯ ಹಾಗೆ ಕೂರುತ್ತಿದ್ದಳು. ವ್ಯಾನಿನಲ್ಲಿ ಮಾತ್ರ ಕಿವಿ ಬಿಸಿಯಾಗಿ ಕಿಟಕಿಯಿಂದ ಹೊರಗೆ ನೋಡಿದಳು. ತಾನು ತಯಾರಾಗಿರುವುದಕ್ಕೆ ಕರೆದರೋ, ಕುರ್ಚಿ ಬರಿದಾದದ್ದಕ್ಕೆ ಕರೆದರೋ? ನಿನ್ನೆ ಹೂಂ ಅನ್ನದಂತೆ ನಾಲಿಗೆ ಹಿಡಿದದ್ದು ಇದೇ ಪ್ರಶ್ನೆ.

ಬರಿದಾದ ಕುರ್ಚಿಗಳಲ್ಲಿ ಒಂದು ಕ್ಯಾಪ್ಟನ್ ಓಂಕಾರ ಅವರದು. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯವರು, ಅವಳಿಗೆ ಈ ಕೆಲಸದ ಅಆಇಈ ತಿದ್ದಿಸಿದವರು. ಹೋದ ತಿಂಗಳು ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಇಳಿಯಲು ಬರುವಾಗ ಮೋಡ ಹರಿದು ಘಟಪ್ರಭೆ ಕಂಡಿತ್ತು, ದೂರದಲ್ಲಿ ಗೋಕಾಕ ಫಾಲ್ಸ್ ಬೆಳ್ಳಗೆ ಒಂದು ಗೆರೆ. "ಅಕಾ ಅಲ್ಲಿ ನಿಮ್ಮೂರು, ಇಲ್ಲಿ ನಮ್ಮೂರು, ನಡುವ ಒಂದು ಗೇಣು" ಎಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿ, ಅದೇ ಉಸಿರಿನಲ್ಲಿ, "ಇದು ನನ್ನ ಕಡೀ ವಾರ. ಜೆಟ್ಟಿಗೆ ಹೊಂಟೇನಿ" ಎಂದರು. "ಅಲ್ಲೂ ಕ್ಯಾಪ್ಟನ್ ಏನ್ರಿ ಸರ್?" ಎಂದು ಕೇಳಿದಳು, ಕೇಳಬಾರದಿತ್ತು. ಅವರು ಬಲಗಡೆಯ ಅವಳ ಸೀಟನ್ನು ನೋಡಿ ನಕ್ಕರು. "ಇಲ್ಲವಾ. ಮತ್ತ ಬಲಕ್ಕ. ಈ ವಯಸ್ಸಿನಾಗ ಮತ್ತ ಹೊಸ ಸಾಲಿ, ಒಂದನೇತ್ತಾ." ಆ ನಗುವಿನಲ್ಲಿ ನಾಚಿಕೆ ಇತ್ತೋ ಹುಮ್ಮಸ್ಸಿತ್ತೋ, ಎರಡೂ ಇತ್ತೋ, ಅವಳಿಗೆ ತಿಳಿಯಲಿಲ್ಲ. ಅವರು ಬಿಟ್ಟ ಜಾಗದ ಮೇಲೆ ಆ ಕ್ಷಣವೇ ತನ್ನ ಕಣ್ಣು ಹೋಗಿತ್ತು ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ತಿಳಿದಿತ್ತು. ಗುರುಗಳು ಹೋಗುತ್ತೇನೆಂದರೆ ದುಃಖ ಮೊದಲು ಬರಬೇಕಲ್ಲವೇ? ಬಂದದ್ದು ಆಸೆ, ದುಃಖ ಎರಡನೆಯದಾಗಿ ಬಂತು. ಅದಕ್ಕಾಗಿ ಅವಳು ಆಮೇಲೆ ಅವರಿಗೆ ಫೋನೂ ಮಾಡಿರಲಿಲ್ಲ.

ಟ್ರ್ಯಾಕ್ಟರು ಹೊಲದ ಬದುವಿಗೆ ಬಂದು ನಿಂತಿತು. ಶೀಗಿ ಹುಣ್ಣಿಮೆಯ ಬಿಸಿಲು. ಜೋಳ ತೆನೆ ಕಟ್ಟಿ ಆಳೆತ್ತರ ನಿಂತಿತ್ತು. ರಾತ್ರಿ ಗಾಳಿಮಳೆ ಹೊಡೆದದ್ದಕ್ಕೆ ನೆಲ ಇನ್ನೂ ಹಸಿಹಸಿಯಾಗಿತ್ತು. ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ದಿನವೆಂದು ಅವ್ವ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದಳು, ಎಡೆ ಹಿಡಿದಳು. ಇನ್ನು ಚರಗ ಚೆಲ್ಲುವುದು. ಅಪ್ಪ ಮುಂದೆ, ಬುಟ್ಟಿ ಹಿಡಿದು, ಬೆಳೆಯ ಸುತ್ತ ಒಂದೊಂದು ಹಿಡಿ ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ 'ಚಲ್ಲಂಬರಿಗೋ' ಎಂದು ಓಗೊಡಬೇಕು. ಆ ಮಾತಿನ ಅರ್ಥ ಊರಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಫ್ರಾಕು ಹಾಕಿಕೊಳ್ಳುವ ಕಾಲದಿಂದ ತಂಬಿಗೆ ಭಾಗ್ಯಾಳದೇ. ಅಪ್ಪನ ದನಿ ಮುಗಿಯುವ ಮೊದಲೇ ಅವಳ ದನಿ ಏಳುತ್ತಿತ್ತು, ಸುತ್ತಲ ಹೊಲದವರು ಕೈಯ ತುತ್ತು ಬಿಟ್ಟು ಕೇಳುತ್ತಿದ್ದರು. "ಬಸವಣ್ಣೆಪ್ಪನ ಮಗಳ ಗಂಟಲಾ ನೋಡ್ರಿ!" ಎಂದು ಹೊಗಳಿಸಿಕೊಂಡು ಬೀಗುತ್ತಿದ್ದಳು.

ಆ ಗಂಟಲೇ ಒಂದು ದಿನ ಅವಳ ಮಾನ ತೆಗೆದಿತ್ತು. ಕೆಲಸಕ್ಕೆ ಸೇರಿದ ಹೊಸತು, ರನ್‌ವೇ ಕಡೆಗೆ ವಿಮಾನ ಉರುಳುತ್ತಿದೆ, ಕ್ಯಾಪ್ಟನ್ ಓಂಕಾರ ಒಂದೊಂದಾಗಿ ಕೇಳುತ್ತಿದ್ದಾರೆ, ಇವಳು ಒಂದೊಂದಕ್ಕೆ ನೋಡಿ ಉತ್ತರ ಕೊಡಬೇಕು. "ಫ್ಲ್ಯಾಪ್ಸ್?" ಎಂದರು. "ಫಿಫ್ಟೀನ್!" ಎಂದಳು, ಗಂಟಲು ತುಂಬಿ, ಅವರ ಮಾತು ಮುಗಿಯುವ ಮೊದಲೇ. ಫ್ಲ್ಯಾಪಿನ ಹಿಡಿಕೆ ಸೊನ್ನೆಯಲ್ಲೇ ಇತ್ತು. ರೆಕ್ಕೆಯ ಹಿಂದಿನ ಆ ಹಲಗೆ ಇಳಿಯದೆ ಓಡಿದ್ದರೆ ಏನಾಗುತ್ತಿತ್ತೆಂದು ಅವರು ಬಿಡಿಸಿ ಹೇಳಲಿಲ್ಲ. ವಿಮಾನ ನಿಲ್ಲಿಸಿದರು. ಅವಳ ಕಡೆ ತಿರುಗಿ, ಅದುವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು, ಮೆಲ್ಲಗೆ, "ಯಾರ ಹಿಂದ ಚರಗದ ನೀರ ಹಾಕಾಕತ್ತೀಯವಾ?" ಎಂದು ಕೇಳಿದರು. ಬೇರೆ ಊರಿನ ಯಾವ ಕ್ಯಾಪ್ಟನ್‌ಗೂ ಆ ತಪ್ಪಿನ ಬೇರು ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತಾಯಿತು, ಅವರೂ ಬಾಗೇವಾಡಿಯ ಹೊಲದಲ್ಲಿ ತಂಬಿಗೆ ಹಿಡಿದವರೇ. "ಇಲ್ಲಿ ಮೊದಲ ನೋಡೂದು. ಆಮ್ಯಾಲ ಅನ್ನೂದು." ಅಷ್ಟೇ. ಅಂದಿನಿಂದ ಅವಳು ನೋಡದೆ ಒಂದಕ್ಷರ ಅಂದಿಲ್ಲ. ಆದರೆ ಆ ಮಾತು ಬೇರೆ ಒಂದು ಕಡೆ ಹೋಗಿ ಕೂತುಬಿಟ್ಟಿತು: ತಾನು ಓಗೊಡುವವಳು, ಹಿಂದೆ ನಡೆಯುವವಳು, ಮುಂದೆ ನಿಂತು ಕೂಗುವ ದನಿ ತನ್ನದಲ್ಲ. ಎಷ್ಟು ಪರೀಕ್ಷೆ ಪಾಸಾದರೂ ಅದು ಅಲ್ಲಿಂದ ಏಳಲಿಲ್ಲ.

"ಹುಲ್ಲುಲ್ಲಿಗೋ!" ಅಪ್ಪ ಶುರು ಮಾಡಿಯೇಬಿಟ್ಟ.

"ಚಲ್ಲಂಬರಿಗೋ!"

ಆಹಾ, ಏನು ಹಿತ! ಒದ್ದೆ ಮಣ್ಣು ಕಾಲ್ಬೆರಳ ಸಂದಿಯಲ್ಲಿ ಏರುತ್ತಿತ್ತು, ಜೋಳದ ಗರಿ ಕೆನ್ನೆಗೆ ತಾಗುತ್ತಿತ್ತು. ಆಚೆ ಹೊಲಗಳಿಂದಲೂ ಕೂಗು ಕೇಳಿಬರುತ್ತಿತ್ತು. ಸೋಮವಾರ, ಎಡಗಡೆಯ ಸೀಟು, ಹೆಗಲ ಮೇಲೆ ಕ್ಯಾಪ್ಟನ್‌ಗಿರುವ ನಾಲ್ಕು ಪಟ್ಟಿ ಎಂದು ಮನಸ್ಸು ಕುಣಿಯುತ್ತಿರಲು ಕೈ ತಾನಾಗಿ ನೀರು ಚಿಮುಕಿಸುತ್ತಿತ್ತು. ಹೂಂ ಅಂದರೇನಾಯಿತು? ಬೇಡ ಅಂದರೆ ಮಾತ್ರ ಆ ಟವೆಲ್ಲಿನ ಹುಡುಗ ಸುಮ್ಮನಾಗುತ್ತಾನೆಯೇ? "ಹುಲ್ಲುಲ್ಲಿಗೋ!" ಎಂದ ಅಪ್ಪ. ಅವಳ ಬಾಯಿ ತೆರೆಯಿತು, ದನಿ ಗಂಟಲಿಗೆ ಬಂತು, ಕಣ್ಣು ನೆಲದ ಮೇಲೆ ಹೋಯಿತು. ಅಪ್ಪನ ಮುಂದೆ, ಸಾಲಿನ ನಡುವೆ, ಕಪ್ಪಗೆ ಒಂದು ವೈರು ಬಿದ್ದಿತ್ತು. ಪಕ್ಕದ ಹೊಲದ ದುರ್ಗಪ್ಪ ತನ್ನ ಮೋಟಾರಿಗೆ ಬಡಿಗೆಗಳ ಮೇಲೆ ಎಳೆದುಕೊಂಡು ಹೋಗಿದ್ದ ವೈರು. ರಾತ್ರಿಯ ಗಾಳಿಗೆ ಬಡಿಗೆ ಮಲಗಿತ್ತು. ಎರಡು ತುಂಡು ಸೇರಿಸಿ ಕಟ್ಟಿದ ಕಡೆ ಟೇಪು ಬಿಚ್ಚಿ ತಾಮ್ರ ಹೊಳೆಯುತ್ತಿತ್ತು. ಅಪ್ಪನ ಬರಿಗಾಲು ಆಗಲೇ ಎದ್ದಿತ್ತು.

"ಅಪ್ಪಾ, ನಿಲ್ಲು!"

ಅಪ್ಪ ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಹಿಂದಕ್ಕೆ ಇಟ್ಟ. ಬನ್ನಿಗಿಡದ ಕೆಳಗಿದ್ದ ಅವ್ವ ಎದ್ದು ನಿಂತಳು. "ಏನ ಮಾಡಿದಿಯೇ, ಚರಗ ನಡುವ ನಿಂದರಸ್ತಾರೇನ? ಅಪಶಕುನ!" ಕಾಕಾ ಓಡಿ ಬಂದ, ವೈರು ನೋಡಿದ, ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದ. "ಇಷ್ಟಕ್ಕ ಇಷ್ಟ ಚೀರೂದಾ? ಕರೆಂಟ ಎಲ್ಲಿ ಐತಿ ಈಗ? ತ್ರೀ ಫೇಸ್ ಬರೂದು ಮಧ್ಯಾಹ್ನದ ಮ್ಯಾಲ. ಸರೀರಿ, ತಗದ ಒಗಿತೇನಿ." ಬಗ್ಗಿದ, ಕೈ ಚಾಚಿದ.

"ಮುಟ್ಟಬ್ಯಾಡ್ರಿ ಕಾಕಾ. ಹಿಂದ ಬರ್ರಿ. ಎಲ್ಲಾರೂ ಬದುವಿಗೆ ಬರ್ರಿ."

ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು. ಜೋರಿರಲಿಲ್ಲ, ಬೇಡಿಕೊಳ್ಳುವ ಹಾಗೂ ಇರಲಿಲ್ಲ. ಕಾಕಾನ ಕೈ ನಿಂತಿತು. ಅವನ ಮುಖ ಕೆಂಪಾಯಿತು. ಅಣ್ಣನ ಎದುರಿಗೆ, ಅತ್ತಿಗೆಯ ಎದುರಿಗೆ ನಿನ್ನೆ ಮೊನ್ನೆಯ ಹುಡುಗಿಯಿಂದ ಅನ್ನಿಸಿಕೊಂಡದ್ದಾಯಿತಲ್ಲ. "ವಿಮಾನದಾಗೂ ಹಿಂಗ ಅಂಜತೀಯೇನ? ಹಿಂಗಾದ್ರ ಮುಗೀತು ಬಿಡು, ಕ್ಲೀನರ್ ಆಗೇ ಇರು" ಎಂದು ಗೊಣಗಿಕೊಂಡೇ ಹಿಂದೆ ಬಂದ. ಆಚೆ ಹೊಲದ ಹೆಂಗಸರು ಕುತ್ತಿಗೆ ಚಾಚಿ ನೋಡುತ್ತಿದ್ದರು, ಯಾರೋ ಕಿಸಕ್ಕೆಂದರು. ಭಾಗ್ಯಾಳಿಗೆ ಅವಮಾನ ಕುತ್ತಿಗೆಯಿಂದ ಕಿವಿಯವರೆಗೆ ಏರಿತು. ಹಬ್ಬ ಕೆಡಿಸಿದೆ, ಶಾಸ್ತ್ರ ಮುರಿದೆ, ಸತ್ತ ವೈರಿಗೆ ಹೆದರಿದೆ. ಹಾಗಾದರೂ ಕಾಲು ಕದಲಲಿಲ್ಲ. ಕರೆಂಟು ಇರಲಿ ಇಲ್ಲದಿರಲಿ, ತಾನು ಕಂಡದ್ದು ತಾಮ್ರ, ಹಸಿ ನೆಲ, ಅಪ್ಪನ ಬರಿಗಾಲು. ಇನ್ನೊಮ್ಮೆ ಕಂಡರೆ ಇನ್ನೊಮ್ಮೆ ನಿಲ್ಲು ಎನ್ನುವವಳೇ. ಇಷ್ಟು ತಿಳಿದದ್ದೇ ಅವಮಾನದ ಕೆಳಗಿನಿಂದ ಮತ್ತೆ ಆ ಬೆಳಗಿನ ಖುಷಿ ಎದ್ದು ಬರತೊಡಗಿತು, ನಿಲ್ಲಿಸಲು ಆಗದಷ್ಟು.

ದುರ್ಗಪ್ಪನಿಗೆ ಫೋನು ಹಚ್ಚಲು ಕಾಕಾ ಅಂಗಿಯ ಜೇಬಿಗೆ ಕೈ ಹಾಕಿದ್ದ. ಆಗ ಪಕ್ಕದ ಹೊಲದ ತಗಡಿನ ಶೆಡ್ಡಿನಲ್ಲಿ ಖಟ್ ಎಂದಿತು. ಯಾರೂ ಅಲ್ಲಿರಲಿಲ್ಲ. ಕರೆಂಟು ಬಂದೊಡನೆ ತಾನಾಗಿ ಮೋಟಾರು ಚಾಲೂ ಮಾಡುವ ಆಟೋ ಸ್ಟಾರ್ಟರು. ಇವತ್ತು ಹಬ್ಬವೆಂದೋ ಏನೋ ಕರೆಂಟು ಬೇಗ ಬಿಟ್ಟಿದ್ದರು. ಮೋಟಾರು ಗುಂಯ್ ಎಂದಿತು, ಪೈಪಿನ ಬಾಯಿಂದ ನೀರು ದಬದಬ ಸುರಿಯತೊಡಗಿತು. ಜೋಳದ ಸಾಲಿನಲ್ಲಿ ಬಿದ್ದ ವೈರು ಮೊದಲಿನ ಹಾಗೆಯೇ ಕಪ್ಪಗೆ ಬಿದ್ದಿತ್ತು, ಏನೂ ಆಗದ ಹಾಗೆ. ಕಾಕಾ ತನ್ನ ಬಲಗೈಯನ್ನು ಜೇಬಿನಿಂದ ತೆಗೆದು ಅಂಗೈ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಅವ್ವ "ಯಪ್ಪಾ ಶಿವನ" ಎಂದು ನಿಂತಲ್ಲೇ ಕೂತಳು.

ದುರ್ಗಪ್ಪ ಮನೆಯಿಂದ ಮೋಟಾರ್ ಸೈಕಲ್ ಮೇಲೆ ಧಾವಿಸಿ ಬಂದು ಫ್ಯೂಸು ಕಿತ್ತು, ವೈರು ಸುತ್ತಿ ಆಚೆ ಇಟ್ಟು, ಎಲ್ಲರ ಬೈಗುಳ ತಿಂದು, ಮೇಲೊಂದು ಹೋಳಿಗೆಯನ್ನೂ ತಿಂದು ಹೋದ. ಅವನು ಹೋದ ಮೇಲೂ ಅಪ್ಪ ಬದುವಿನ ಮೇಲೆಯೇ ಕೂತಿದ್ದ. ಭಾಗ್ಯಾ ಹತ್ತಿರ ಹೋಗಿ ಕೂತಾಗ, ಅವಳ ಕಡೆ ನೋಡದೆ, "ನನಗ ಕಾಣಲಿಲ್ಲವಾ" ಎಂದ. "ಬಾಳ ದಿನದಿಂದ ಸರಿಯಾಗಿ ಕಾಣವಲ್ದು. ನಿಮ್ಮವ್ವಗ ಹೇಳಿಲ್ಲ." ಅಪ್ಪನ ಕಣ್ಣ ಕಪ್ಪಿನ ಮೇಲೆ ತೆಳ್ಳಗೆ ಬಿಳಿ ಕೂತಿತ್ತು. ಹೋದ ವರ್ಷವೂ ಇತ್ತೇನೋ. ಅವಳು ತಂಬಿಗೆ ಹಿಡಿದು ಹಿಂದೆ ನಡೆದಿದ್ದಳು, ಬೆನ್ನು ನೋಡಿದ್ದಳು, ಮುಖ ನೋಡಿರಲಿಲ್ಲ.

"ಏಳ್ರಿ, ಮತ್ತ ಮೊದಲಿಂದ ಸುರು ಮಾಡೂಣು. ಅರ್ಧಕ್ಕ ಬಿಡಬಾರದು" ಎಂದಳು ಅವ್ವ. ಅಪ್ಪ ಸೊಂಟ ಹಿಡಿದುಕೊಂಡು ಎದ್ದ. ಬುಟ್ಟಿಗೆ ಕೈ ಹಾಕಿದ.

"ಅಪ್ಪಾ, ಬುಟ್ಟಿ ನನಗ ಕೊಡು."

ಅಂದ ಮೇಲೆಯೇ ಅವಳಿಗೆ ತಾನು ಅಂದದ್ದು ತಿಳಿದದ್ದು. ಯಾರೂ ಕರೆದಿರಲಿಲ್ಲ, ಯಾರೂ ಸೀಟು ಖಾಲಿ ಮಾಡಿರಲಿಲ್ಲ. ಇದನ್ನು ಅವಳೇ ಬೇಡಿದ್ದಳು. ಅಪ್ಪ ಒಂದು ಗಳಿಗೆ ಬುಟ್ಟಿ ಬಿಡಲಿಲ್ಲ. ನಲವತ್ತು ಶೀಗಿ ಹುಣ್ಣಿಮೆಯ ಬುಟ್ಟಿ ಅದು, ಹೇಗೆ ಬಿಡುತ್ತಾನೆ? ಇಬ್ಬರ ಕೈಯೂ ಅದರ ಮೇಲಿತ್ತು. ಆಮೇಲೆ ಅವನು ಮೆಲ್ಲಗೆ ಬೆರಳು ಸಡಿಲಿಸಿದ, ಬಗ್ಗಿ ತಂಬಿಗೆ ಎತ್ತಿಕೊಂಡ. "ಜಲ್ದಿ ಜಲ್ದಿ ನಡೀಬ್ಯಾಡ ಮತ್ತ. ನನಗ ಆಗೂದಿಲ್ಲ" ಎಂದ.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಬನ್ನಿಗಿಡದ ಕೆಳಗೆ ಅವ್ವನ ಚೀಲದಲ್ಲಿ ಇಟ್ಟಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು. ಕಾಕಾ ತೆಗೆದು ನೋಡಿದ. "ಭಾಗ್ಯಾ! ಟ್ರೇನಿಂಗ್ ಅಂತ ಬಂದೈತಿ ನೋಡು!"

ಅವಳು ತಿರುಗಲಿಲ್ಲ. ಕೈಯಲ್ಲಿ ಚರಗದ ಹಿಡಿ ಇತ್ತು. "ನೀವ ಎತ್ತರಿ ಕಾಕಾ. ಹೂಂ ಅಂದಾಳ ಅನ್ರಿ!"

"ಏನ ಹೂಂ? ಅವರಿನ್ನೂ ಏನೂ ಕೇಳಿಲ್ಲ!"

"ಹೂಂ ಅನ್ರಿ ಸಾಕು. ಸೋಮವಾರ ಬರತಾಳ, ಎಡಕ್ಕ ಕುಂದರತಾಳ ಅನ್ರಿ!"

ಲಾರಿಯಲ್ಲಿ ಎಡಕ್ಕೆ ಕೂರುವವನು ಕ್ಲೀನರ್, ವಿಮಾನದಲ್ಲಿ ಎಡಕ್ಕೆ ಕೂರುವವನೇ ಮಾಲಕ ಎಂಬುದು ದಾರಿಯಲ್ಲಿ ಆಡಿದ ಮಾತಿನಿಂದ ಕಾಕಾನಿಗೆ ಹೊಳೆಯಿತು. ಅವನ ಮುಖದ ಮೇಲೆ ಅದು ಇಳಿದು ಬಂದದ್ದು ಅವ್ವನಿಗೂ ಕಂಡಿತು. ಫೋನನ್ನು ಕಿವಿಗೆ ಒತ್ತಿಕೊಂಡು, ಮೂರು ಹೊಲದ ಆಚೆಗೆ ಕೇಳುವ ದನಿಯಲ್ಲಿ, ಕಬ್ಬಿನ ಫ್ಯಾಕ್ಟರಿಯ ಗೇಟಿನಲ್ಲಿ ಕಲಿತ ಹಿಂದಿಯಲ್ಲಿ ಕೂಗಿದ: "ಹಾಂ ಸಾಬ್! ಹಾಂ ಬೋಲ್ತಿ ಹೈ! ಅಬೀ ನಹೀ ಆತಿ, ಆಗೇ ಹೈ ಓ, ಆಗೇ!"

ಹೂಂ ಅಂತಾಳೆ, ಈಗ ಬರುವುದಿಲ್ಲ, ಮುಂದಿದ್ದಾಳೆ ಎಂಬ ಆ ಹಿಂದಿ ಕೇಳಿ ಭಾಗ್ಯಾಳಿಗೆ ನಗು ಉಕ್ಕಿ ಕಣ್ಣಲ್ಲಿ ನೀರು ಬಂತು. ಸಂಜೆ ಓಂಕಾರ ಸರ್‌ಗೆ ಫೋನು ಮಾಡಬೇಕು, ನಿಮ್ಮ ಸೀಟಿನ ಮೇಲೆ ಅವತ್ತೇ ಕಣ್ಣಿಟ್ಟಿದ್ದೆ ಎಂದು ಹೇಳಿಬಿಡಬೇಕು, ಬೈದರೆ ಬೈಯಲಿ. ನಗು ನುಂಗಿಕೊಂಡಳು, ಉಸಿರು ತುಂಬಿಕೊಂಡಳು. ಜೋಳದ ತೆನೆಗಳ ಮೇಲೆ ಹಿಡಿ ಚೆಲ್ಲಿದಳು.

"ಹುಲ್ಲುಲ್ಲಿಗೋ!"

ಹಿಂದಿನಿಂದ ಉತ್ತರವಿಲ್ಲ. ಅವಳು ಹೆಜ್ಜೆ ಇಡಲಿಲ್ಲ, ತಿರುಗಿಯೂ ನೋಡಲಿಲ್ಲ. ಬೆನ್ನ ಹಿಂದೆ ಅಪ್ಪ ಬಗ್ಗಿ, ಕಣ್ಣು ಕಿರಿದು ಮಾಡಿ, ಅವಳ ಕಾಲಿನ ಎಡಕ್ಕೆ ಬಲಕ್ಕೆ, ಮುಂದಿನ ಸಾಲಿನ ನೆಲವನ್ನೆಲ್ಲ ಒಂದೊಂದಾಗಿ ನೋಡುತ್ತಿರುವುದು ಅವನ ಉಸಿರಿನಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಕಾದಳು. ಕಾಯುವುದೂ ಎಷ್ಟು ಚಂದ ಎನ್ನಿಸಿತು.

"ಚಲ್ಲಂಬರಿಗೋ" ಎಂದ ಅಪ್ಪ, ನೋಡಿಯಾದ ಮೇಲೆ. ತಣ್ಣನೆಯ ನೀರು ಅವಳ ಹಿಮ್ಮಡಿಗೆ ಬಿತ್ತು. ಭಾಗ್ಯಾ ಹೆಜ್ಜೆ ಎತ್ತಿಟ್ಟಳು.